ಯಾವ ಇಲಿ ಯಾವುದು? ಪ್ರಾಣಿಗಳ ಒಡನಾಟವನ್ನು ಅಳೆಯಲು ಕಂಪ್ಯೂಟರ್ ದೃಷ್ಟಿಯ ಸಾಧನಗಳ ಆಯ್ಕೆ

ಪಂಜರದಲ್ಲಿ ಎರಡು ಕಪ್ಪು ಇಲಿಗಳಿವೆ, ಮೇಲಿನಿಂದ ಕ್ಯಾಮೆರಾ ನೋಡುತ್ತಿದೆ. ಒಂದು ಮೂಲೆಯಲ್ಲಿ ಕುಳಿತು ಮೈ ನೆಕ್ಕಿಕೊಳ್ಳುತ್ತಿದೆ, ಇನ್ನೊಂದು ಗೋಡೆಯಂಚನ್ನು ಮೂಸುತ್ತಾ ಬರುತ್ತದೆ. ಎದುರಾದ ಕೂಡಲೇ ಒಂದು ಇನ್ನೊಂದರ ಮೇಲೆ ಹತ್ತುತ್ತದೆ. ಅರೆಕ್ಷಣ ಕ್ಯಾಮೆರಾದ ಕಣ್ಣಿಗೆ ಎರಡೂ ಸೇರಿ ಒಂದೇ ಕಪ್ಪು ಮುದ್ದೆ. ಮರುಕ್ಷಣ ಬೇರೆಬೇರೆ ದಿಕ್ಕಿಗೆ ಓಡುತ್ತವೆ. ಪರದೆಯ ಮೇಲೆ ಇಷ್ಟು ಹೊತ್ತು ಕೆಂಪು ಗೆರೆ ಬಿಟ್ಟುಕೊಂಡು ಬಂದ ಇಲಿ ಈಗ ನೀಲಿ ಗೆರೆ ಬಿಡುತ್ತಿದೆ. ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಟ್ಟಿಲ್ಲ. ಅಲ್ಲಿಂದ ಮುಂದಿನ ಐವತ್ತು ನಿಮಿಷಗಳ ಕೋಷ್ಟಕದಲ್ಲಿ ಬೆನ್ನಟ್ಟಿದ ಇಲಿ ಬೆನ್ನಟ್ಟಿಸಿಕೊಂಡ ಇಲಿಯಾಗಿ ದಾಖಲಾಗಿದೆ.

ಪ್ರಾಣಿವರ್ತನೆಯ ಅಧ್ಯಯನಕ್ಕೆ ಕಂಪ್ಯೂಟರ್ ದೃಷ್ಟಿಯನ್ನು, ಎಂದರೆ ಚಿತ್ರ ಮತ್ತು ವಿಡಿಯೊಗಳನ್ನು ಓದುವ ತಂತ್ರಾಂಶವನ್ನು, ಬಳಸಲು ಹೊರಟವರು ಬಹಳಷ್ಟು ಸಲ ಮೊದಲು ಕೇಳುವುದು, ವಿಡಿಯೊದಲ್ಲಿ ಪ್ರಾಣಿಯ ಮೈಯ ಭಾಗಗಳನ್ನು ಹುಡುಕಿಕೊಡುವ ತಂತ್ರಾಂಶಗಳಲ್ಲಿ ಡೀಪ್‌ಲ್ಯಾಬ್‌ಕಟ್ ಒಳ್ಳೆಯದೋ ಸ್ಲೀಪ್ ಒಳ್ಳೆಯದೋ ಎಂದು. ಅದು ಮೂರನೆಯದೋ ನಾಲ್ಕನೆಯದೋ ಆಗಿ ಬರಬೇಕಾದ ಪ್ರಶ್ನೆ. ಮೊದಲು ತೀರ್ಮಾನವಾಗಬೇಕಾದದ್ದು, ಒಂದು ಕೆಲಸವನ್ನು ಯಾವ ಪ್ರಾಣಿ ಮಾಡಿತು ಎಂಬುದು ನಿಮಗೆ ತಿಳಿಯಲೇಬೇಕೇ, ತಿಳಿಯಬೇಕಾದರೆ ಎಷ್ಟು ಕಾಲದವರೆಗೆ ಎಂಬುದು. ಮೀನಿನ ಗುಂಪು ಬೆದರಿದಾಗ ಎಷ್ಟು ಒತ್ತಾಗುತ್ತದೆ ಎಂದು ಅಳೆಯುವವರಿಗೆ ಪ್ರತಿಯೊಂದು ಮೀನಿನ ಹೆಸರು ಬೇಕಿಲ್ಲ. ಯಾವ ಇಲಿ ಮೇಲುಗೈ ಸಾಧಿಸಿತು ಎಂದು ಕೇಳುವವರಿಗೆ ಒಂದು ಗಂಟೆಯ ಮಟ್ಟಿಗೆ ಹೆಸರು ಬೇಕು. ಇರುವೆ ವಯಸ್ಸಾದಂತೆ ಕೆಲಸ ಬದಲಿಸುತ್ತದೆಯೇ ಎಂದು ನೋಡುವವರಿಗೆ ವಾರಗಟ್ಟಲೆ ಬೇಕು. ಈ ಮೂರು ಅಗತ್ಯಗಳಿಗೆ ಒಂದೇ ಸಾಧನವನ್ನು ಶಿಫಾರಸು ಮಾಡುವವರ ಮಾತನ್ನು ನಂಬಬೇಡಿ.

ಗುರುತಿನ, ಎಂದರೆ ಯಾವ ಪ್ರಾಣಿ ಯಾವುದು ಎಂಬ ತಿಳಿವಿನ, ಬೆಲೆ ಎಷ್ಟೆಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಎರಡು ಪ್ರಾಣಿಗಳು ಎದುರಾಗಿ ಬೇರೆಯಾಗುವ 100 ಸಂದರ್ಭಗಳಲ್ಲಿ ತಂತ್ರಾಂಶವು 99ರಲ್ಲಿ ಸರಿಯಾಗಿ ಗುರುತಿಸುತ್ತದೆ ಎಂದುಕೊಳ್ಳೋಣ. ಕೇಳಲು ಚೆನ್ನಾಗಿಯೇ ಇದೆ. ಆದರೆ ಒಂದು ಗಂಟೆಯಲ್ಲಿ ಅವು 60 ಸಲ ಎದುರಾದರೆ, ಒಮ್ಮೆಯೂ ಅದಲುಬದಲಾಗದೆ ಆ ಗಂಟೆ ಮುಗಿಯುವ ಸಂಭವ ಸುಮಾರು ಶೇಕಡಾ 55 ಮಾತ್ರ. ಮೂಗಿನ ತುದಿಯನ್ನು ಎರಡು ಪಿಕ್ಸೆಲ್ ಆಚೆ ಗುರುತಿಸಿದ ತಪ್ಪು ಆ ಒಂದು ಫ್ರೇಮಿಗೆ ಮುಗಿಯುತ್ತದೆ. ಗುರುತಿನ ತಪ್ಪಾದರೋ ಮುಂದಿನ ಎಲ್ಲ ಫ್ರೇಮುಗಳಿಗೂ ಅಂಟಿಕೊಂಡು ಹೋಗುತ್ತದೆ.

ಕಣ್ಣು ಮತ್ತು ಟಿಪ್ಪಣಿಯೇ ಸಾಕಾಗುವ ಕಡೆ

ಹೋಲಿಕೆಯಲ್ಲಿ ಮೊದಲು ನಿಲ್ಲಬೇಕಾದ ಆಯ್ಕೆ ಯಂತ್ರವನ್ನು ಬಳಸದಿರುವುದು. ಜೀನ್ ಆಲ್ಟ್‌ಮನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ, ವರ್ತನೆಯನ್ನು ಗಮನಿಸಿ ದಾಖಲಿಸುವ ಕ್ರಮಗಳು, ಅದರಲ್ಲೂ ಒಂದು ಪ್ರಾಣಿಯನ್ನು ನಿಗದಿತ ಅವಧಿಯವರೆಗೆ ಬಿಡದೆ ಗಮನಿಸುವ ಕ್ರಮ, ಇಂದಿಗೂ ಕ್ಷೇತ್ರಾಧ್ಯಯನದ ಬೆನ್ನೆಲುಬು. ವಿಡಿಯೊ ಇದ್ದರೆ ಟುರಿನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಬೋರಿಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದು ವರ್ತನೆಗೆ ಒಂದೊಂದು ಕೀಲಿಯನ್ನು ನಿಗದಿ ಮಾಡಿಕೊಂಡು, ನೋಡುತ್ತಾ ಒತ್ತುತ್ತಾ ಹೋದರೆ ಕೋಷ್ಟಕ ತಯಾರಾಗುತ್ತದೆ. ನಿಮ್ಮ ಬಳಿ ಒಟ್ಟು 20 ಗಂಟೆಗಳ ವಿಡಿಯೊ ಇದ್ದು, ಒಂದು ಗಂಟೆಯನ್ನು ಗುರುತು ಹಾಕಲು ಮೂರು ಗಂಟೆ ಹಿಡಿದರೂ ಅದು 60 ಗಂಟೆಗಳ ಕೆಲಸ, ಎಂದರೆ ಹತ್ತು ಹನ್ನೆರಡು ದಿನ. ಒಂದು ತಂತ್ರಾಂಶಕ್ಕೆ ಕಲಿಸಿ, ಪರೀಕ್ಷಿಸಿ, ಅದರ ತಪ್ಪುಗಳನ್ನು ತಿದ್ದುವ ಹೊತ್ತಿಗೆ ಇದಕ್ಕಿಂತ ಹೆಚ್ಚು ದಿನಗಳು ಕಳೆದಿರುತ್ತವೆ. ಅದೇ ಪಂಜರವನ್ನು ಹತ್ತು ದಿನ ಹಗಲಿರುಳು ಚಿತ್ರೀಕರಿಸಿದರೆ, ಸೆಕೆಂಡಿಗೆ 30 ಫ್ರೇಮಿನಂತೆ ಎರಡೂವರೆ ಕೋಟಿಗೂ ಹೆಚ್ಚು ಫ್ರೇಮುಗಳಾಗುತ್ತವೆ. ಅಲ್ಲಿ ಮನುಷ್ಯನ ಕಣ್ಣು ಕೈಚೆಲ್ಲಲೇಬೇಕು.

ಯಂತ್ರವನ್ನೇ ಆರಿಸಿದರೂ ಕೈಯಿಂದ ಗುರುತು ಹಾಕುವ ಕೆಲಸ ತಪ್ಪುವುದಿಲ್ಲ. ಯಂತ್ರ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಲು ಇಬ್ಬರು ಬೇರೆಬೇರೆಯಾಗಿ ಗುರುತಿಸಿದ ಕೆಲವು ಗಂಟೆಗಳ ವಿಡಿಯೊ ಬೇಕೇ ಬೇಕು. ಆದ್ದರಿಂದ ಬೋರಿಸ್ ಕಲಿತ ಶ್ರಮ ಎಂದೂ ವ್ಯರ್ಥವಾಗುವುದಿಲ್ಲ.

ಗುರುತನ್ನು ಉಳಿಸಿಕೊಳ್ಳುವ ದಾರಿಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ಸಂಗಡಿಗರು ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಹುಳುವಿನ ಸಮಾಜವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದು ಪ್ರತಿಯೊಂದು ಹುಳುವಿನ ಮೈಮೇಲೆ ಬಣ್ಣದ ಚುಕ್ಕಿಗಳನ್ನು ಇಟ್ಟು. ಬೇಗ ಒಣಗುವ ಬಣ್ಣ, ತೆಳುವಾದ ಕಡ್ಡಿ, ನಡುಗದ ಕೈ: ಸಲಕರಣೆ ಇಷ್ಟೇ. ಕಂಪ್ಯೂಟರ್ ದೃಷ್ಟಿಯ ಮೊದಲ ಆಯ್ಕೆಯೂ ಇದೇ ಉಪಾಯದ ಮುಂದುವರಿಕೆ. ಪ್ರಾಣಿಯ ಮೈಮೇಲೆ ಯಂತ್ರ ಓದಬಲ್ಲ ಚಿಹ್ನೆಯನ್ನು ಅಂಟಿಸುವುದು.

ಇದರ ಬಲವನ್ನು ಕಾಣಲು ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ಡೇನಿಯಲ್ ಮೆರ್ಶ್ ಮತ್ತು ಲಾರೆಂಟ್ ಕೆಲ್ಲರ್ ತಂಡವು 2013ರಲ್ಲಿ ಪ್ರಕಟಿಸಿದ ಇರುವೆಗಳ ಅಧ್ಯಯನವನ್ನು ನೋಡಬೇಕು. ಆರು ಗೂಡುಗಳ ಇರುವೆಗಳ ಬೆನ್ನಿಗೆ ಕಪ್ಪುಬಿಳುಪು ಚೌಕಗಳ ಪುಟ್ಟ ಚೀಟಿಗಳನ್ನು ಅಂಟಿಸಿ, ಸೆಕೆಂಡಿಗೆ ಎರಡು ಸಲದಂತೆ 41 ದಿನ ಪ್ರತಿ ಇರುವೆಯ ಸ್ಥಾನವನ್ನೂ ಮುಖ ಮಾಡಿದ ದಿಕ್ಕನ್ನೂ ದಾಖಲಿಸಿದರು. ಮರಿಗಳನ್ನು ನೋಡಿಕೊಳ್ಳುವವು, ಗೂಡು ಶುಚಿಮಾಡುವವು, ಆಹಾರ ತರುವವು ಎಂಬ ಮೂರು ಬಳಗಗಳು ತಮ್ಮತಮ್ಮೊಳಗೇ ಹೆಚ್ಚು ಒಡನಾಡುತ್ತವೆ ಮತ್ತು ವಯಸ್ಸಾದಂತೆ ಇರುವೆ ಒಂದು ಬಳಗದಿಂದ ಮುಂದಿನದಕ್ಕೆ ಸರಿಯುತ್ತದೆ ಎಂದು ಹೊರಬಿದ್ದದ್ದು ಗುರುತು ಅಷ್ಟು ದಿನ ಕೆಡದೆ ಉಳಿದದ್ದರಿಂದ. ಇಲ್ಲಿ ಒಂದು ಫ್ರೇಮಿನಲ್ಲಿ ಚೀಟಿ ಕಾಣದಿದ್ದರೂ ಚಿಂತೆಯಿಲ್ಲ. ಮುಂದಿನ ಫ್ರೇಮಿನಲ್ಲಿ ಕಂಡಾಗ ಅದು ಮತ್ತೆ ಅದೇ ಸಂಖ್ಯೆಯನ್ನು ಹೇಳುತ್ತದೆ, ಹಳೆಯ ತಪ್ಪು ಮುಂದಕ್ಕೆ ಹರಿಯುವುದಿಲ್ಲ. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯದ ಬೀಸ್‌ಬುಕ್ ಯೋಜನೆಯು ಜೇನುಗೂಡಿನ ಸುಮಾರು 2000 ನೊಣಗಳನ್ನು ಹೀಗೆಯೇ ಗುರುತಿಸಲು ಹೊರಟಿತು. ದುಂಬಿಗಳಿಗೆ ಬಳಸಲಾದ ಬೀಟ್ಯಾಗ್ ಎಂಬ ಉಚಿತ ಪದ್ಧತಿಯೂ ಇದೆ.

ಹಾಗಾದರೆ ಎಲ್ಲರೂ ಚೀಟಿಯನ್ನೇ ಏಕೆ ಅಂಟಿಸುವುದಿಲ್ಲ? ನೂರಾರು ಹುಳುಗಳನ್ನು ತಂಪಿನಲ್ಲಿ ಜಡಗೊಳಿಸಿ ಒಂದೊಂದಕ್ಕೂ ಚೀಟಿ ಅಂಟಿಸುವುದು ದಿನಗಟ್ಟಲೆಯ ಕೆಲಸ. ಚೀಟಿ ಓದಲು ಸಾಕಷ್ಟು ಪಿಕ್ಸೆಲ್ ಬೇಕಾದ್ದರಿಂದ ಕ್ಯಾಮೆರಾ ಹತ್ತಿರವಿರಬೇಕು ಅಥವಾ ದುಬಾರಿಯದಾಗಿರಬೇಕು. ರೋಮವಿರುವ ಪ್ರಾಣಿಗಳು ಅಂಟಿಸಿದ್ದನ್ನು ಕಚ್ಚಿ ಕಿತ್ತುಹಾಕುತ್ತವೆ. ಮೀನಿಗೆ ಅಂಟಿಸಿದರೆ ಅದರ ಈಜೇ ಬದಲಾಗಬಹುದು. ಇಲಿಗಳ ಮಟ್ಟಿಗೆ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಿಂದ 2019ರಲ್ಲಿ ಬಂದ ಲೈವ್ ಮೌಸ್ ಟ್ರ್ಯಾಕರ್ ಒಂದು ಬುದ್ಧಿವಂತ ನಡುದಾರಿಯನ್ನು ಹಿಡಿಯಿತು. ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ, ರೇಡಿಯೊ ಅಲೆಯಿಂದ ತನ್ನ ಸಂಖ್ಯೆ ಹೇಳುವ ಆರ್‌ಎಫ್‌ಐಡಿ ಚಿಪ್, ನೆಲದಡಿ ಅದನ್ನು ಓದುವ ಆಂಟೆನಾಗಳು, ಮೇಲೆ ಆಳವನ್ನು ಅಳೆಯುವ ಕ್ಯಾಮೆರಾ. ಕ್ಯಾಮೆರಾ ಜಾಡು ಹಿಡಿಯುತ್ತದೆ. ಇಲಿ ಆಂಟೆನಾದ ಮೇಲೆ ಹಾಯ್ದಾಗ ಚಿಪ್ ಅದರ ಗುರುತನ್ನು ಖಚಿತಪಡಿಸುತ್ತದೆ. ನಾಲ್ಕು ಇಲಿಗಳವರೆಗೆ, ದಿನಗಟ್ಟಲೆ ಇದು ನಡೆಯುತ್ತದೆ. ಚಿಪ್ ಹಾಕುವುದು ಪ್ರಾಣಿಯ ಮೇಲೆ ಮಾಡುವ ಹಸ್ತಕ್ಷೇಪವಾದ್ದರಿಂದ ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ಬೇಕು ಎಂಬುದನ್ನು ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಎರಡನೆಯ ದಾರಿಯಲ್ಲಿ ಯಂತ್ರವೇ ಪ್ರಾಣಿಗಳ ಚಹರೆಯನ್ನು ಕಲಿಯುತ್ತದೆ. ನಮ್ಮ ಕಣ್ಣಿಗೆ ಒಂದೇ ತೆರನಾಗಿ ಕಾಣುವ ಜೀಬ್ರಾಮೀನುಗಳ ನಡುವೆಯೂ ನರಜಾಲವು (ಉದಾಹರಣೆಗಳಿಂದ ಕಲಿಯುವ ತಂತ್ರಾಂಶ) ವ್ಯತ್ಯಾಸವನ್ನು ಹಿಡಿಯಬಲ್ಲದು ಎಂದು ಲಿಸ್ಬನ್ನಿನ ಗೊನ್ಸಾಲೊ ದ ಪೊಲಾವಿಯೇಹಾ ಅವರ ತಂಡವು 2019ರಲ್ಲಿ ಐಡಿಟ್ರ್ಯಾಕರ್.ಎಐ ಮೂಲಕ ತೋರಿಸಿತು. 100 ಮೀನುಗಳಿರುವ ಗುಂಪಿನಲ್ಲಿಯೂ ಅದು ಒಂದೊಂದನ್ನು ಬೇರ್ಪಡಿಸಿತು. ಎಲ್ಲ ಪ್ರಾಣಿಗಳೂ ಒಂದನ್ನೊಂದು ಮುಟ್ಟದೆ ಬಿಡಿಬಿಡಿಯಾಗಿ ಕಾಣುವ ತುಣುಕುಗಳನ್ನು ವಿಡಿಯೊದಲ್ಲಿ ಹುಡುಕಿ, ಅವನ್ನೇ ಪಾಠದ ಪುಸ್ತಕ ಮಾಡಿಕೊಂಡು ತನಗೆ ತಾನೇ ಕಲಿಯುವುದು ಅದರ ಕ್ರಮ. ಕೈಯಿಂದ ಗುರುತು ಹಾಕುವ ಗೋಜಿಲ್ಲ. ಇದರಿಂದಲೇ ಅದರ ಷರತ್ತುಗಳೂ ಹುಟ್ಟುತ್ತವೆ: ಪ್ರಾಣಿಗಳ ಸಂಖ್ಯೆ ಮೊದಲಿನಿಂದ ಕೊನೆಯವರೆಗೆ ಒಂದೇ ಇರಬೇಕು, ಹಿನ್ನೆಲೆ ಸಮನಾಗಿರಬೇಕು, ಬಚ್ಚಿಟ್ಟುಕೊಳ್ಳಲು ಜಾಗವಿರಬಾರದು. ಒಮ್ಮೆ ನಾವು ಎಂಟು ಮೀನುಗಳ ಗಾಜಿನ ತೊಟ್ಟಿಯನ್ನು ಚಿತ್ರೀಕರಿಸಿ ತಂದಾಗ ತಂತ್ರಾಂಶವು ಒಮ್ಮೊಮ್ಮೆ ಹತ್ತು ಮೀನುಗಳನ್ನು ಎಣಿಸುತ್ತಿತ್ತು. ಹೆಚ್ಚಿನ ಎರಡು, ಗಾಜಿನ ಗೋಡೆಯಲ್ಲಿ ಮೂಡಿದ ಪ್ರತಿಬಿಂಬಗಳು. ಗೋಡೆಗೆ ಮ್ಯಾಟ್ ಬಿಳಿ ಹಾಳೆ ಅಂಟಿಸಿದ ಮೇಲೆ ಲೆಕ್ಕ ಸರಿಹೋಯಿತು.

ಜರ್ಮನಿಯ ಕಾನ್‌ಸ್ಟಾನ್ಸಿನಲ್ಲಿ ಟ್ರಿಸ್ಟನ್ ವಾಲ್ಟರ್ ಮತ್ತು ಇಯನ್ ಕುಝಿನ್ ರೂಪಿಸಿ 2021ರಲ್ಲಿ ಪ್ರಕಟಿಸಿದ ಟಿ-ರೆಕ್ಸ್ ಇದೇ ಬಗೆಯದು, ಆದರೆ ವೇಗಕ್ಕೆ ಒತ್ತು ಕೊಟ್ಟದ್ದು. 256 ಪ್ರಾಣಿಗಳ ಜಾಡನ್ನು ಚಿತ್ರೀಕರಣ ನಡೆಯುತ್ತಿರುವಾಗಲೇ ಹಿಡಿಯಬಲ್ಲದು. ಚಹರೆಯಿಂದ ಗುರುತಿಸುವುದು 100ರವರೆಗೆ. ಮೀನು ಹೀಗೆ ಚಲಿಸಿದಾಗ ಬೆಳಕು ಹಾಕು ಎಂಬಂಥ, ಆ ಕ್ಷಣದಲ್ಲೇ ಉತ್ತರ ಬೇಕಾದ ಪ್ರಯೋಗ ನಿಮ್ಮದಾದರೆ ಟಿ-ರೆಕ್ಸ್ ನೋಡಿ. ನಾಲ್ಕೆಂಟು ಪ್ರಾಣಿಗಳ ಚಿತ್ರೀಕರಿಸಿಟ್ಟ ವಿಡಿಯೊಗಳಷ್ಟೇ ಇದ್ದರೆ ಐಡಿಟ್ರ್ಯಾಕರ್.ಎಐಯಿಂದ ಆರಂಭಿಸುವುದು ಸುಲಭ ಎಂಬುದು ನನ್ನ ಅಭಿಪ್ರಾಯ. ಎರಡಕ್ಕೂ ಇರುವ ಮಿತಿ ಒಂದೇ: ಇವು ಮೊದಲಿಗೆ ಹಿನ್ನೆಲೆಯಿಂದ ಪ್ರಾಣಿಯ ಆಕಾರವನ್ನು ಕತ್ತರಿಸಿ ತೆಗೆಯುವ ವಿಧಾನವನ್ನು ನೆಚ್ಚಿ ಬೆಳೆದವು. ಮರದ ಹೊಟ್ಟು, ಹುಲ್ಲು, ಗೂಡು ಇರುವ ಪಂಜರದಲ್ಲಿ ಒಂದರ ಮೇಲೊಂದು ಬಿದ್ದು ಮಲಗುವ ಇಲಿಗಳಿಗೆ ಇವು ತಕ್ಕವಲ್ಲ.

ಮೂರನೆಯ ದಾರಿ ಎಲ್ಲಕ್ಕಿಂತ ಅಗ್ಗದ್ದು, ಬಹುಮಂದಿ ಮರೆಯುವಂಥದ್ದು: ಬೇರೆಬೇರೆ ಬಣ್ಣದ ಪ್ರಾಣಿಗಳನ್ನು ಆರಿಸುವುದು. ಕ್ಯಾಲ್‌ಟೆಕ್‌ನಲ್ಲಿ ರೂಪುಗೊಂಡ ಮಾರ್ಸ್ ಎಂಬ, ಇಲಿಗಳ ಒಡನಾಟವನ್ನು ಗುರುತಿಸುವ ಸಾಧನವು ಪಂಜರದಲ್ಲೇ ವಾಸವಿರುವ ಇಲಿ ಕಪ್ಪು, ಹೊರಗಿನಿಂದ ಬಿಟ್ಟ ಇಲಿ ಬಿಳಿ ಎಂಬ ಏರ್ಪಾಟಿನ ಮೇಲೆ ನಿಂತಿದೆ. ಗುರುತು ಅದಲುಬದಲಾಗುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಿಮ್ಮ ಪ್ರಯೋಗ ಒಂದೇ ತಳಿಯ ಇಲಿಗಳನ್ನು ಬಯಸದಿದ್ದರೆ ಈ ಸೌಲಭ್ಯವನ್ನು ಬಿಟ್ಟುಕೊಡಬೇಡಿ. ಬಯಸಿದರೂ ಬೆನ್ನಿನ ಒಂದು ಕಡೆ ರೋಮ ಕತ್ತರಿಸಿಯೋ ಬಿಳಿಚಿಸಿಯೋ ಗುರುತು ಮಾಡಿಕೊಳ್ಳಬಹುದು.

ಚುಕ್ಕಿ ಸಾಕೋ, ಭಂಗಿ ಬೇಕೋ

ಗುರುತಿನ ವಿಷಯ ತೀರ್ಮಾನವಾದ ಮೇಲೆ, ಪ್ರಾಣಿ ಒಂದು ಚುಕ್ಕಿಯಾಗಿ ಸಾಕೋ ಅಥವಾ ಮೂಗು, ಕಿವಿ, ಕತ್ತು, ಸೊಂಟ, ಬಾಲದ ಬುಡ ಎಂದು ಬಿಡಿಸಿ ಬೇಕೋ ಎಂಬ ಪ್ರಶ್ನೆ. ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು ಎಂಬುದಕ್ಕೆ ಚುಕ್ಕಿ ಸಾಕು. ಮೂಗು ಇನ್ನೊಂದರ ಮುಖದ ಬಳಿ ಇತ್ತೋ ಬಾಲದ ಬುಡದ ಬಳಿ ಇತ್ತೋ ಎಂಬುದು ಬೇಕಾದರೆ ಭಂಗಿ ಬೇಕು. ಇಲಿಗಳ ಲೋಕದಲ್ಲಿ ಈ ಎರಡು ಮೂಸುವಿಕೆಗಳಿಗೆ ಅರ್ಥ ಬೇರೆ.

ಡೀಪ್‌ಲ್ಯಾಬ್‌ಕಟ್ 2018ರಲ್ಲಿ ಬಂದಾಗ ಅದರ ಹೆಚ್ಚುಗಾರಿಕೆ ಇದ್ದದ್ದು ಮಿತವ್ಯಯದಲ್ಲಿ. ಲಕ್ಷಗಟ್ಟಲೆ ಸಾಮಾನ್ಯ ಚಿತ್ರಗಳಿಂದ ಮೊದಲೇ ಕಲಿತ ನರಜಾಲವನ್ನು ತಂದು, ಸುಮಾರು 200 ಫ್ರೇಮುಗಳಲ್ಲಿ ಮಾತ್ರ ಕೈಯಿಂದ ಬಿಂದುಗಳನ್ನು ಗುರುತಿಸಿದರೆ ಮನುಷ್ಯನ ನಿಖರತೆಗೆ ಸಮನಾದ ಫಲಿತಾಂಶ ಸಿಗುತ್ತದೆ ಎಂದು ಅಲೆಕ್ಸಾಂಡರ್ ಮ್ಯಾಥಿಸ್, ಮೆಕೆಂಝಿ ಮ್ಯಾಥಿಸ್ ಮತ್ತು ಅವರ ಸಂಗಡಿಗರು ತೋರಿಸಿದರು. 200 ಎಂಬುದನ್ನು ಶ್ರಮಕ್ಕೆ ಪರಿವರ್ತಿಸಿ ನೋಡೋಣ. ಎರಡು ಇಲಿ, ತಲಾ ಎಂಟು ಬಿಂದು, 200 ಫ್ರೇಮು: 3200 ಕ್ಲಿಕ್ಕುಗಳು. ಒಂದಕ್ಕೆ ಮೂರು ಸೆಕೆಂಡು ಹಿಡಿದರೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಒಂದು ಮಧ್ಯಾಹ್ನದ ಕೆಲಸ. ಬೆಳಕು ಬದಲಾದರೆ, ಪಂಜರ ಬದಲಾದರೆ ಇನ್ನೊಂದು ಮಧ್ಯಾಹ್ನ.

ಸ್ಲೀಪ್ ಪ್ರಿನ್ಸ್‌ಟನ್ನಿನಲ್ಲಿ ಟಾಲ್ಮೊ ಪೆರೇರಾ ಮತ್ತು ಅವರ ಮಾರ್ಗದರ್ಶಕರು ರೂಪಿಸಿದ ಲೀಪ್ ಎಂಬ ಸಾಧನದ ಮುಂದುವರಿಕೆ. ಹೆಸರಿನಲ್ಲಿ ಸೇರಿಕೊಂಡ ಮೊದಲ ಅಕ್ಷರವೇ ಸಾಮಾಜಿಕ ಎಂಬುದನ್ನು ಸೂಚಿಸುತ್ತದೆ. ಹಲವು ಪ್ರಾಣಿಗಳಿಗೆಂದೇ ಅದನ್ನು ಕಟ್ಟಲಾಯಿತು. ಡೀಪ್‌ಲ್ಯಾಬ್‌ಕಟ್‌ನ ಬಹುಪ್ರಾಣಿ ಆವೃತ್ತಿಯೂ ಸ್ಲೀಪ್ ಕೂಡ 2022ರಲ್ಲಿ ನೇಚರ್ ಮೆಥಡ್ಸ್ ಎಂಬ ಒಂದೇ ಪತ್ರಿಕೆಯಲ್ಲಿ ಪ್ರಕಟವಾದವು ಎಂಬುದರಿಂದ ಪೈಪೋಟಿಯ ಬಿಸಿಯನ್ನು ಊಹಿಸಬಹುದು. ವ್ಯತ್ಯಾಸವನ್ನು ಹೀಗೆ ಹೇಳಬಹುದು. ಬಿಂದುಗಳನ್ನು ಹುಡುಕಲು ಎರಡು ಕ್ರಮಗಳಿವೆ. ಒಂದರಲ್ಲಿ ಮೊದಲು ಪ್ರತಿ ಪ್ರಾಣಿಯನ್ನು ಒಂದು ಚೌಕದೊಳಗೆ ಹಿಡಿದು, ಆ ಚೌಕದಲ್ಲಿ ಬಿಂದುಗಳನ್ನು ಹುಡುಕುತ್ತಾರೆ. ಇನ್ನೊಂದರಲ್ಲಿ ಇಡೀ ಚಿತ್ರದಲ್ಲಿರುವ ಎಲ್ಲ ಮೂಗು, ಎಲ್ಲ ಕಿವಿ, ಎಲ್ಲ ಬಾಲದ ಬುಡಗಳನ್ನು ಹುಡುಕಿ, ಆಮೇಲೆ ಯಾವ ಮೂಗಿಗೆ ಯಾವ ಬಾಲ ಸೇರಬೇಕೆಂದು ಜೋಡಿಸುತ್ತಾರೆ. ಚಿತ್ರದಲ್ಲಿ ಚಿಕ್ಕದಾಗಿ, ದೂರದೂರ ಕಾಣುವ ನೊಣಗಳಿಗೆ ಮೊದಲನೆಯದು ಚೆನ್ನಾಗಿ ಒಗ್ಗುತ್ತದೆ. ಚಿತ್ರವನ್ನೆಲ್ಲ ತುಂಬುವ, ಒಂದರೊಳಗೊಂದು ಹೆಣೆದುಕೊಳ್ಳುವ ಇಲಿಗಳಿಗೆ ಎಷ್ಟೋ ಸಲ ಎರಡನೆಯದು. ಸ್ಲೀಪ್ ಎರಡನ್ನೂ ಆರಂಭದಿಂದಲೇ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಲು ಬಿಡುತ್ತದೆ, ಗುರುತು ಹಾಕುವ ಪರದೆಯೂ ಹೊಸಬರಿಗೆ ಸಲೀಸು. ಡೀಪ್‌ಲ್ಯಾಬ್‌ಕಟ್‌ನ ಬಳಕೆದಾರರ ಬಳಗ ದೊಡ್ಡದು, ಮುಂದಿನ ಹಂತದ ಬಹುಪಾಲು ಸಾಧನಗಳು ಅದರ ಕಡತವನ್ನು ನೇರವಾಗಿ ಓದುತ್ತವೆ. 2024ರಲ್ಲಿ ಪ್ರಕಟವಾದ ಅದರ ಸೂಪರ್‌ಅನಿಮಲ್ ಮಾದರಿಗಳು ಮೇಲಿನಿಂದ ಕಾಣುವ ಇಲಿಗೂ ಸಾಮಾನ್ಯ ನಾಲ್ಕು ಕಾಲಿನ ಪ್ರಾಣಿಗಳಿಗೂ ಹೊಸದಾಗಿ ಕಲಿಸದೆಯೇ ಒಂದು ಮಟ್ಟದ ಫಲಿತಾಂಶ ಕೊಡುತ್ತವೆ. ಹಲವು ಪ್ರಾಣಿಗಳ ಹೊಸ ಯೋಜನೆಗೆ ನಾನಾದರೆ ಸ್ಲೀಪ್‌ನಿಂದ ಆರಂಭಿಸುತ್ತೇನೆ; ಒಂದೇ ಪ್ರಾಣಿ ಅಥವಾ ಬಣ್ಣ ಬೇರೆಯಿರುವ ಎರಡು ಪ್ರಾಣಿಗಳಾದರೆ ಡೀಪ್‌ಲ್ಯಾಬ್‌ಕಟ್‌ನಿಂದ. ಡೀಪ್‌ಲ್ಯಾಬ್‌ಕಟ್ ತನ್ನ ಹೊಸ ಆವೃತ್ತಿಯಲ್ಲಿ ನರಜಾಲ ಕಟ್ಟುವ ತಳಹದಿಯನ್ನು ಬದಲಿಸಿ ಟೆನ್ಸರ್‌ಫ್ಲೋದಿಂದ ಪೈಟಾರ್ಚ್‌ಗೆ ಸರಿದಿರುವುದರಿಂದ ಹಳೆಯ ಪಾಠದ ವಿಡಿಯೊಗಳನ್ನು ನೋಡಿ ಅನುಸ್ಥಾಪಿಸಲು ಹೋದರೆ ಒಂದು ವಾರಾಂತ್ಯ ಹಾಳಾಗುವುದು ಖಚಿತ.

ಒಂದನ್ನು ಒತ್ತಿ ಹೇಳಬೇಕು. ಇವೆರಡೂ ಫ್ರೇಮಿನಿಂದ ಫ್ರೇಮಿಗೆ ಜಾಡನ್ನು ಮುಖ್ಯವಾಗಿ ಚಲನೆಯ ಮುಂದುವರಿಕೆಯಿಂದ ಜೋಡಿಸುತ್ತವೆ. ಆದ್ದರಿಂದ ಒಂದೇ ಬಣ್ಣದ ಪ್ರಾಣಿಗಳ ನಡುವೆ ಅದಲುಬದಲು ಇಲ್ಲಿಯೂ ಆಗುತ್ತದೆ. ಎರಡರಲ್ಲಿಯೂ ಜಾಡನ್ನು ಕೈಯಿಂದ ತಿದ್ದುವ ಪರದೆ ಇದೆ, ಅದನ್ನು ಬಳಸಲು ಸಮಯವನ್ನು ತೆಗೆದಿಡಬೇಕು. ಎಥೋವಿಷನ್‌ನಂಥ ವಾಣಿಜ್ಯ ತಂತ್ರಾಂಶಗಳನ್ನು ಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಕೊಟ್ಟ ಹಣಕ್ಕೆ ಸಿಗುವುದು ಸಿದ್ಧ ವ್ಯವಸ್ಥೆ ಮತ್ತು ಕರೆದರೆ ಓಗೊಡುವ ಸೇವಾಸಿಬ್ಬಂದಿ. ಪ್ರೋಗ್ರಾಮ್ ಬರೆಯುವವರು ಒಬ್ಬರೂ ಇಲ್ಲದ ಪ್ರಯೋಗಶಾಲೆಗೆ ಅದು ಸಣ್ಣ ಸಂಗತಿಯಲ್ಲ.

ವರ್ತನೆಗೆ ಹೆಸರಿಡುವ ಹಂತ

ಬಿಂದುಗಳ ಕೋಷ್ಟಕ ಇನ್ನೂ ವರ್ತನೆಯಲ್ಲ. ಅದನ್ನು ‘ಬೆನ್ನಟ್ಟಿತು’, ‘ಕಚ್ಚಿತು’ ಎಂಬ ಮಾತಿಗೆ ತರಲು ಮೂರು ಬಗೆಗಳಿವೆ. ಎರಡರ ನಡುವಿನ ಅಂತರ ಇಷ್ಟು ಸೆಂಟಿಮೀಟರಿಗಿಂತ ಕಡಿಮೆ, ಹಿಂದಿನದರ ವೇಗ ಇಷ್ಟಕ್ಕಿಂತ ಹೆಚ್ಚು ಎಂದು ನೀವೇ ನಿಯಮ ಬರೆಯುವುದು ಮೊದಲನೆಯದು. ಸರಳ ವರ್ತನೆಗಳಿಗೆ ಇದೇ ಉತ್ತಮ, ಏಕೆಂದರೆ ಪ್ರಬಂಧದಲ್ಲಿ ಒಂದೇ ಸಾಲಿನಲ್ಲಿ ವಿವರಿಸಬಹುದು.

ಎರಡನೆಯದರಲ್ಲಿ ನೀವು ಗುರುತಿಸಿದ ಉದಾಹರಣೆಗಳಿಂದ ಯಂತ್ರ ಕಲಿಯುತ್ತದೆ. ಜನೀಲಿಯಾ ಸಂಶೋಧನಾ ಕೇಂದ್ರದಿಂದ 2013ರಲ್ಲಿ ಬಂದ ಜಾಬಾ ಈ ದಾರಿಯನ್ನು ನೊಣಗಳಿಗೂ ಇಲಿಗಳಿಗೂ ತೆರೆಯಿತು. ಸಿಂಬಾ ಎಂಬ ತಂತ್ರಾಂಶವು ಭಂಗಿಯ ಕೋಷ್ಟಕವನ್ನು ತೆಗೆದುಕೊಂಡು ಒಂದೊಂದು ವರ್ತನೆಗೂ, ಅದು ಇದೆಯೋ ಇಲ್ಲವೋ ಎಂದು ಹೇಳುವ ಪ್ರತ್ಯೇಕ ವರ್ಗೀಕಾರಕವನ್ನು ಕಟ್ಟುತ್ತದೆ. ಮಾರ್ಸ್ ಆಕ್ರಮಣ, ಏರುವಿಕೆ, ಹತ್ತಿರದ ಪರಿಶೀಲನೆ ಎಂಬ ಮೂರಕ್ಕೆ ಮೊದಲೇ ಕಲಿತು ಬರುತ್ತದೆ. ಡೀಪ್‌ಎಥೋಗ್ರಾಮ್ ಭಂಗಿಯನ್ನು ಬಿಟ್ಟು ನೇರವಾಗಿ ಪಿಕ್ಸೆಲ್ಲುಗಳಿಂದಲೇ ಕಲಿಯುತ್ತದೆ. ಪಂಜಾ ಕಾಣದಂತೆ ಮೈಯೊರೆಸಿಕೊಳ್ಳುವಂಥ, ಬಿಂದುಗಳಿಗೆ ಸಿಕ್ಕದ ಚಲನೆಗಳಿಗೆ ಇದು ಒಳ್ಳೆಯದು. ಆದರೆ ಎರಡು ಪ್ರಾಣಿಗಳಲ್ಲಿ ಯಾವುದು ಮಾಡಿತು ಎಂದು ಅದನ್ನು ಕೇಳಿದರೆ ಉತ್ತರ ಸಿಗದು. ನೋಡಿ, ಗುರುತಿನ ಪ್ರಶ್ನೆ ಇಲ್ಲಿಗೂ ಬಂತು.

ಮೂರನೆಯದರಲ್ಲಿ ಯಾವ ಹೆಸರನ್ನೂ ಕೊಡದೆ, ಚಲನೆಯ ತುಣುಕುಗಳನ್ನು ಯಂತ್ರವೇ ಗುಂಪುಮಾಡುತ್ತದೆ. ಹಾರ್ವರ್ಡಿನ ಸಂದೀಪ್ ದತ್ತ ಅವರ ಪ್ರಯೋಗಶಾಲೆಯಿಂದ 2015ರಲ್ಲಿ ಬಂದ ಮೋಸೀಕ್, ಇಲಿಯ ಚಲನೆಯು ಸೆಕೆಂಡಿಗಿಂತ ಚಿಕ್ಕ ಅವಧಿಯ ‘ಅಕ್ಷರ’ಗಳಿಂದ ಆದದ್ದು ಎಂದು ತೋರಿಸಿತು. ಔಷಧದಿಂದ ನಡವಳಿಕೆ ಹೇಗೆ ಬದಲಾಯಿತು ಎಂಬ ಶೋಧಕ್ಕೆ ಇದು ಬಹಳ ಸೂಕ್ಷ್ಮವಾದ ಸಾಧನ. ಒಡನಾಟದ ಅಧ್ಯಯನಕ್ಕೆ ಇದನ್ನೇ ಮೊದಲು ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಇಂಥ ಸಾಧನಗಳು ಮುಖ್ಯವಾಗಿ ಒಂದೊಂದೇ ಪ್ರಾಣಿಗೆಂದು ಬೆಳೆದವು, ಕೊನೆಗೆ ಸಿಗುವ 40 ಗುಂಪುಗಳಲ್ಲಿ ಹದಿನೇಳನೆಯದು ಏನು ಎಂದು ಹೇಳಲು ಮತ್ತೆ ಮನುಷ್ಯರೇ ಕುಳಿತು ನೋಡಬೇಕು.

ಅಳತೆಗೆ ಮುನ್ನ ಬೆಳಕು, ಕೊಳ್ಳುವ ಮುನ್ನ ಪರೀಕ್ಷೆ

ತಂತ್ರಾಂಶಗಳ ನಡುವಿನ ವ್ಯತ್ಯಾಸಕ್ಕಿಂತ ಒಳ್ಳೆಯ ವಿಡಿಯೊ ಮತ್ತು ಕೆಟ್ಟ ವಿಡಿಯೊಗಳ ನಡುವಿನ ವ್ಯತ್ಯಾಸ ದೊಡ್ಡದು. ಸೆಕೆಂಡಿಗೆ 60 ಸೆಂಟಿಮೀಟರ್ ಓಡುವ ಇಲಿಯನ್ನು ಮೂವತ್ತನೆಯ ಒಂದು ಸೆಕೆಂಡು ಶಟರ್ ತೆರೆದು ಹಿಡಿದರೆ ಅದು ಎರಡು ಸೆಂಟಿಮೀಟರ್ ಉದ್ದಕ್ಕೆ ಉಜ್ಜಿದಂತೆ ಕಾಣುತ್ತದೆ. ಐನೂರನೆಯ ಒಂದು ಸೆಕೆಂಡಿಗೆ ಇಳಿಸಿದರೆ ಒಂದು ಮಿಲಿಮೀಟರಿನ ಆಸುಪಾಸು. ಶಟರ್ ಇಳಿಸಿದಷ್ಟೂ ಬೆಳಕು ಹೆಚ್ಚು ಬೇಕು, ಇಲಿಗಳೋ ಕತ್ತಲಲ್ಲಿ ಚಟುವಟಿಕೆಯಿಂದಿರುವವು. ಇದಕ್ಕೆ ರೂಢಿಯಲ್ಲಿರುವ ಪರಿಹಾರ ಅವುಗಳ ಕಣ್ಣಿಗೆ ಕಾಣದ 850 ನ್ಯಾನೋಮೀಟರಿನ ಅವಕೆಂಪು ದೀಪ. ಸಾಮಾನ್ಯ ವೆಬ್‌ಕ್ಯಾಮ್‌ಗಳೊಳಗೆ ಅವಕೆಂಪನ್ನು ತಡೆಯುವ ಗಾಜು ಇರುತ್ತದೆ, ಹಾಗಾಗಿ ಕೊಳ್ಳುವಾಗ ಅದಿಲ್ಲದ ಕ್ಯಾಮೆರಾ ಕೇಳಿ. ಎನ್‌ವಿಡಿಯಾದ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇಲ್ಲಿ ಹೇಳಿದ ಬಹುತೇಕ ಕೆಲಸಗಳಿಗೆ ಸಾಲುತ್ತದೆ. ಹಣವಿದ್ದರೆ ಅದನ್ನು ಮೊದಲು ಕ್ಯಾಮೆರಾಕ್ಕೂ ದೀಪಕ್ಕೂ ಹಾಕಿ.

ಇನ್ನು ಪರೀಕ್ಷೆ. ಒಂದೇ ವಿಡಿಯೊದ ಕೆಲವು ಫ್ರೇಮುಗಳಿಂದ ಕಲಿಸಿ, ಅದೇ ವಿಡಿಯೊದ ಪಕ್ಕದ ಫ್ರೇಮುಗಳಿಂದ ಪರೀಕ್ಷಿಸಿದರೆ ಫಲಿತಾಂಶ ಯಾವಾಗಲೂ ಸೊಗಸಾಗಿರುತ್ತದೆ; ಅದು ಪ್ರಶ್ನೆಪತ್ರಿಕೆಯನ್ನು ಮೊದಲೇ ತೋರಿಸಿ ಪರೀಕ್ಷೆ ನಡೆಸಿದಂತೆ. ಬೇರೆ ದಿನದ, ಬೇರೆ ಪ್ರಾಣಿಗಳ ವಿಡಿಯೊವನ್ನು ಪರೀಕ್ಷೆಗೆ ಎತ್ತಿಡಬೇಕು. ಅಪರೂಪದ ವರ್ತನೆಗಳಲ್ಲಿ ‘ಶೇಕಡಾ 99 ನಿಖರ’ ಎಂಬ ಮಾತಿಗೆ ಬೆಲೆಯಿಲ್ಲ. ಒಂದು ಗಂಟೆಯ 1,08,000 ಫ್ರೇಮುಗಳಲ್ಲಿ ಜಗಳ ನಡೆದದ್ದು ಒಟ್ಟು 30 ಸೆಕೆಂಡು, ಎಂದರೆ 900 ಫ್ರೇಮು. ಎಲ್ಲಿಯೂ ಜಗಳವೇ ಇಲ್ಲ ಎಂದು ಕಣ್ಣುಮುಚ್ಚಿ ಹೇಳುವ ಯಂತ್ರವೂ ಶೇಕಡಾ 99ಕ್ಕಿಂತ ಹೆಚ್ಚು ನಿಖರವೇ. ಆದ್ದರಿಂದ ಯಂತ್ರ ಜಗಳ ಎಂದದ್ದರಲ್ಲಿ ನಿಜವಾದವು ಎಷ್ಟು, ನಿಜವಾದ ಜಗಳಗಳಲ್ಲಿ ಯಂತ್ರ ಹಿಡಿದದ್ದು ಎಷ್ಟು ಎಂಬ ಎರಡನ್ನೂ ಪ್ರತ್ಯೇಕವಾಗಿ ಲೆಕ್ಕಹಾಕಿ. ಮನುಷ್ಯರ ನಡುವಿನ ಒಮ್ಮತವನ್ನೂ ಅಳೆಯಿರಿ: ಒಂದೇ ವಿಡಿಯೊವನ್ನು ನೋಡಿದ ಅನುಭವಿಗಳು ಕೂಡ ಆಕ್ರಮಣ ಎಲ್ಲಿ ಆರಂಭವಾಯಿತು ಎಂಬುದರಲ್ಲಿ ಒಮ್ಮತಕ್ಕೆ ಬರುವುದಿಲ್ಲ ಎಂಬುದನ್ನು ಮಾರ್ಸ್ ರೂಪಿಸಿದವರೇ ದಾಖಲಿಸಿದ್ದಾರೆ. ಅದಲುಬದಲನ್ನು ಎಣಿಸಲು ಸುಲಭದ ಉಪಾಯವೆಂದರೆ ಪ್ರಾಣಿಗಳು ಮುದ್ದೆಯಾಗಿ ಬೇರೆಯಾದ 50 ಸಂದರ್ಭಗಳನ್ನು ಆರಿಸಿ, ಪ್ರತಿಯೊಂದರ ಹಿಂದುಮುಂದಿನ ಐದು ಸೆಕೆಂಡುಗಳನ್ನು ಕಣ್ಣಾರೆ ನೋಡುವುದು.

ಬಯಲಿನಲ್ಲಿ

ಹೊರಗೆ ಹೋದಾಗ ಹಿನ್ನೆಲೆ ಅಲುಗುತ್ತದೆ, ಬೆಳಕು ಬದಲಾಗುತ್ತದೆ, ಪ್ರಾಣಿ ಚೌಕಟ್ಟಿನಿಂದ ಹೊರಗೆ ಹೋಗಿ ಮರಳಿ ಬರುತ್ತದೆ. ಡ್ರೋನಿನಿಂದ ಹಿಂಡನ್ನು ನೋಡುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್ ಅವರ ಗುಂಪಿನಲ್ಲಿ ಆಕಾಂಕ್ಷಾ ರಾಥೋಡ್ ಮುಂತಾದವರು ರೂಪಿಸಿದ ಮೋಥ್ ಎಂಬ ತಂತ್ರಾಂಶ ಗಮನಾರ್ಹ. ಮೊದಲು ಬಣ್ಣದ ಆಧಾರದಿಂದ ಪ್ರಾಣಿ ಇರಬಹುದಾದ ಜಾಗಗಳನ್ನು ಆರಿಸಿ, ಆ ತುಣುಕುಗಳನ್ನು ಮಾತ್ರ ಚಿಕ್ಕ ನರಜಾಲಕ್ಕೆ ಕೊಡುವುದರಿಂದ ದೊಡ್ಡ ಯಂತ್ರ ಬೇಕಾಗುವುದಿಲ್ಲ. ಕೃಷ್ಣಮೃಗದ ಹಿಂಡುಗಳ ಡ್ರೋನ್ ವಿಡಿಯೊಗಳಲ್ಲಿಯೂ ಕಣಜದ ಗೂಡಿನ ವಿಡಿಯೊಗಳಲ್ಲಿಯೂ ಅದನ್ನು ಪರೀಕ್ಷಿಸಿದ್ದಾರೆ. ಯಾವ ಜಿಂಕೆ ಯಾವುದು ಎಂದು ದಿನದಿಂದ ದಿನಕ್ಕೆ ಅದು ಹೇಳಲಾರದು. ಹಿಂಡು ಒಡೆಯುವುದು, ಕೂಡುವುದು, ಬೆದರಿ ಓಡುವುದು ಇವನ್ನು ನೋಡಲು ಅದರ ಅಗತ್ಯವೂ ಇಲ್ಲ. ಸಂರಕ್ಷಿತ ಅರಣ್ಯದಲ್ಲಿ ಡ್ರೋನ್ ಹಾರಿಸಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಪ್ರಾಣಿ ಹಾಯ್ದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿನ ಚಿತ್ರಗಳ ರಾಶಿ ಇರುವವರು ಅವನ್ನು ವಿಂಗಡಿಸುವ ತಂತ್ರಾಂಶವಾದ ಮೆಗಾಡಿಟೆಕ್ಟರ್‌ನಿಂದ ಪ್ರಾಣಿ, ಮನುಷ್ಯ, ವಾಹನ ಎಂದು ಬೇರ್ಪಡಿಸಿ ಖಾಲಿ ಚಿತ್ರಗಳನ್ನು ಜರಡಿ ಹಿಡಿಯಬಹುದು. ಪ್ರಭೇದವನ್ನು ಅದು ಹೇಳುವುದಿಲ್ಲ.

ಕಾಡಿನಲ್ಲಿ ಗುರುತು ಸಿಗುವುದು ಪ್ರಾಣಿಯೇ ಹುಟ್ಟಿನಿಂದ ಹೊತ್ತು ತಂದ ಚಿಹ್ನೆಯಿದ್ದಾಗ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳ ಪಟ್ಟೆಯನ್ನು ಆಧರಿಸಿ ಎಣಿಕೆಯ ಕ್ರಮವನ್ನು ರೂಪಿಸಿ 1995ರಲ್ಲಿ ಪ್ರಕಟಿಸಿದರು. ಎರಡು ಮಗ್ಗುಲ ಪಟ್ಟೆಗಳು ಬೇರೆಯಾದ್ದರಿಂದ ದಾರಿಯ ಇಕ್ಕೆಲಗಳಲ್ಲಿ ಎರಡು ಕ್ಯಾಮೆರಾ ಇಡಬೇಕಾಯಿತು. ಆಮೇಲೆ ಪಟ್ಟೆಗಳನ್ನು ಹೋಲಿಸುವ ತಂತ್ರಾಂಶವೂ ಬಂತು. ಮುಖವೇ ಚಿಹ್ನೆಯಾದಲ್ಲಿ ಎಷ್ಟು ಸಾಧ್ಯ ಎಂಬುದನ್ನು ಗಿನಿ ದೇಶದ ಬೊಸ್ಸೂವಿನ ಚಿಂಪಾಂಜಿಗಳ ಮೇಲೆ ಆಕ್ಸ್‌ಫರ್ಡಿನ ತಂಡ 2019ರಲ್ಲಿ ತೋರಿಸಿತು. 14 ವರ್ಷಗಳ ಅವಧಿಯಲ್ಲಿ ತೆಗೆದ 50 ಗಂಟೆಗಳ ವಿಡಿಯೊದಿಂದ ಒಂದು ಕೋಟಿ ಮುಖಚಿತ್ರಗಳನ್ನು ಹೆಕ್ಕಿ, 23 ಚಿಂಪಾಂಜಿಗಳನ್ನು ಶೇಕಡಾ 92.5ರಷ್ಟು ಸರಿಯಾಗಿ ಗುರುತಿಸಿ, ಯಾರು ಯಾರ ಜೊತೆಗೆ ಕಾಣಿಸಿಕೊಂಡರು ಎಂಬುದರಿಂದ ಒಡನಾಟದ ಜಾಲವನ್ನು ಕಟ್ಟಿದರು. ಆದರೆ ಒಂದೇ ಚೌಕಟ್ಟಿನಲ್ಲಿ ಕಂಡದ್ದನ್ನೆಲ್ಲ ಸ್ನೇಹವೆಂದು ಓದಬಾರದು. ಹಣ್ಣಿನ ಮರವೊಂದೇ ಇದ್ದರೆ ಪರಸ್ಪರ ಆಗದವರೂ ಅದರಡಿಗೆ ಬರುತ್ತಾರೆ. ಅಂಥ ಮರದಡಿಯ ಕ್ಯಾಮೆರಾ ಕೊಟ್ಟ ಜಾಲವನ್ನು, ಯಾರು ಯಾವಾಗ ಬಂದರು ಎಂಬ ಹಾಜರಿಯನ್ನು ಕಂಪ್ಯೂಟರಿನಲ್ಲಿ ಯಾದೃಚ್ಛಿಕವಾಗಿ ಕಲಸಿ ಕಟ್ಟಿದ ಸಾವಿರ ಜಾಲಗಳೊಡನೆ ಹೋಲಿಸಿದ ಮೇಲೆಯೇ ಸಂಬಂಧದ ಮಾತು.

ಆನೆಗಳ ವಿಷಯದಲ್ಲಿ ನನ್ನ ಸಲಹೆ ಇನ್ನೂ ಹಳೆಯ ಕ್ರಮದ ಕಡೆಗೇ ಇದೆ. ಕಬಿನಿ ಹಿನ್ನೀರಿನ ಸುತ್ತ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ. ಎನ್. ಸಿ. ವಿದ್ಯಾ ಅವರ ತಂಡ 2009ರಿಂದ ನಡೆಸುತ್ತಿರುವ ಅಧ್ಯಯನದಲ್ಲಿ ಹೆಣ್ಣಾನೆಗಳ ಗುಂಪುಗಳು ಸೇರುವುದನ್ನೂ ಚದುರುವುದನ್ನೂ ತಿಳಿದದ್ದು ಕಿವಿಯ ಹರುಕು, ಕಿವಿಯ ಮೇಲಂಚಿನ ಮಡಿಕೆ, ಬಾಲದ ಕೂದಲು, ದಂತದ ಬಾಗು ಇವುಗಳನ್ನು ನೋಡಿ ಒಂದೊಂದು ಆನೆಯನ್ನೂ ಗುರುತಿಸಿ. ಕೆಸರು ಮೆತ್ತಿದ, ಕಿವಿ ಬೀಸುತ್ತಲೇ ಇರುವ, ಅರ್ಧ ಲಂಟಾನದ ಮರೆಯಲ್ಲಿ ನಿಂತ ಆನೆಯ ಮುಂದೆ ಇವತ್ತಿನ ತಂತ್ರಾಂಶಗಳು ತಡವರಿಸುತ್ತವೆ. ಇಂಥ ಪ್ರಾಣಿಯನ್ನು ಅಧ್ಯಯನ ಮಾಡುವವರು ಈಗ ಮಾಡಬಹುದಾದ ಕೆಲಸವೆಂದರೆ ಪ್ರತಿ ಫೋಟೊಗೂ ಪ್ರಾಣಿಯ ಸಂಖ್ಯೆ, ದಿನಾಂಕ, ಎಡಗಿವಿಯೋ ಬಲಗಿವಿಯೋ ಎಂಬುದನ್ನು ಕಡತದ ಹೆಸರಿನಲ್ಲೇ ಬರೆದು, ಅಸ್ಪಷ್ಟವಾದವನ್ನೂ ಅಳಿಸದೆ ಪ್ರತ್ಯೇಕ ಕಪಾಟಿನಲ್ಲಿಡುವುದು. ಮುಂದೆ ಯಂತ್ರಕ್ಕೆ ಕಲಿಸುವ ದಿನ ಬಂದಾಗ ಸ್ಪಷ್ಟ ಚಿತ್ರಗಳಷ್ಟೇ ಬೆಲೆ ಆ ಎರಡನೆಯ ಕಪಾಟಿಗೂ ಇರುತ್ತದೆ, ಏಕೆಂದರೆ ಕಾಡಿನಲ್ಲಿ ಕ್ಯಾಮೆರಾಕ್ಕೆ ಸಿಗುವ ಆನೆ ಹೆಚ್ಚಿನ ಸಲ ಹಾಗೆಯೇ ಕಾಣುತ್ತದೆ.